ಹಳ್ಳದ ನೀರಿಗೆ ಉಪ್ಪು ಬೆರೆಸುವವರಾರು?

ಶಲವಡಿ, ನವಲಗುಂದದ ಎರೆ ಸೀಮೆಯ ನೀರನ್ನು ಮಲಪ್ರಭೆಗೆ ಒಯ್ಯುವ ಬೆಣ್ಣೆಹಳ್ಳದ ಮಹಾಪೂರದ ಸುದ್ದಿ ನೀವು ಕೇಳಿರಬಹುದು. ಮಳೆ ನಿಂತು ವಾರಗಳಾದರೂ ಇಂಥ ಹಳ್ಳಗಳಲ್ಲಿ ನೀರು ಹರಿಯುವುದುಂಟು. ಅದು ಎಲ್ಲಿಂದ ಬರುತ್ತದೆ?

ನೆಲದೊಳಗಿನಿಂದ. ಅಂತರ್ಜಲದ ಮಟ್ಟ ಹಳ್ಳದ ನೀರಿಗಿಂತ ಮೇಲಿದ್ದರೆ ನೀರು ಹಳ್ಳದತ್ತ ಜಿನುಗುತ್ತದೆ. ಕೆಳಗಿದ್ದರೆ ಹಳ್ಳದ ನೀರೇ ನೆಲಕ್ಕೆ ಇಂಗುತ್ತದೆ. ಮಟ್ಟಗಳ ಇಳಿಜಾರು ಹೆಚ್ಚಿದಷ್ಟೂ ಜಿನುಗು ಹೆಚ್ಚುತ್ತದೆ. ಇದು 1856ರಲ್ಲಿ ಪ್ರಕಟವಾದ ಡಾರ್ಸಿ ನಿಯಮ.

ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ನೀರು ಬಲು ನಿಧಾನವಾಗಿ ಸಾಗುತ್ತ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಬಿಸಿಲಿಗೆ ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಮಿತಿಮೀರಿ ನೀರು ಹಾಯಿಸಿದರೆ ಅಂತರ್ಜಲ ಮೇಲೇರಿ ಹೊಲ ಸವಳು-ಜವಳಾಗುತ್ತದೆ. ಆ ಉಪ್ಪು, ಗೊಬ್ಬರದ ನೈಟ್ರೇಟಿನೊಡನೆ ಹಳ್ಳ ಸೇರುತ್ತದೆ.

ಒಂದು ಲೆಕ್ಕ ನೋಡಿ. ಮಳೆನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂ, ಜಿನುಗುನೀರಿನಲ್ಲಿ 3000 ಮಿಲಿಗ್ರಾಂ ಲವಣವಿದೆ ಎಂದಿಟ್ಟುಕೊಳ್ಳಿ. 9 ಪಾಲು ಮಳೆನೀರಿಗೆ 1 ಪಾಲು ಜಿನುಗುನೀರು ಸೇರಿದರೆ ಲವಣಾಂಶ 480. ಬೇಸಿಗೆಯಲ್ಲಿ ಎರಡೂ ಸಮಪಾಲಾದರೆ 1600! ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ ಅಪೇಕ್ಷಿತ ಮಿತಿ 500. ಬೇರೆ ನೀರಿಲ್ಲದಿದ್ದರೆ ಮಾತ್ರ 2000. ಕಾಯಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಕರಗಿದ ಉಪ್ಪು ಹೋಗುವುದಿಲ್ಲ.

ವಿದ್ಯುತ್ ವಾಹಕತೆಯ ಮಾಪಕವಿದ್ದರೆ ಸಾಕು, ವಿದ್ಯಾರ್ಥಿಗಳೇ ಹಳ್ಳದ ಮತ್ತು ಹತ್ತಿರದ ಬಾವಿಯ ನೀರನ್ನು ಪ್ರತಿ ತಿಂಗಳೂ ಅಳೆಯಬಹುದು. ಬೇಸಿಗೆಯಲ್ಲಿ ಎರಡು ಅಂಕಿಗಳೂ ಹತ್ತಿರವಾದರೆ, ಹಳ್ಳದಲ್ಲಿ ಹರಿಯುತ್ತಿರುವುದು ಬಹುಪಾಲು ಅಂತರ್ಜಲವೇ ಎಂದು ಊಹಿಸಬಹುದು. ಇಂದು ಹೊಲಕ್ಕೆ ಸುರಿದದ್ದು ಹಳ್ಳ ತಲುಪಲು ವರ್ಷಗಳೇ ಹಿಡಿಯಬಹುದು. ಆದ್ದರಿಂದ ಹಳ್ಳದ ರಕ್ಷಣೆ ಹೊಲದಿಂದಲೇ ಆರಂಭವಾಗಬೇಕು.