ಅರ್ಧ ತೊಲದ ಅಲಗು

ಲಂಡನ್ನಿನ ಸೌತ್‌ಹಾಲ್ ಬ್ರಾಡ್‌ವೇಯ ಒಂದು ಚಿನ್ನದಂಗಡಿ. ಅಕ್ಕ ಓಲೆ ಆರಿಸುತ್ತಿದ್ದಾಳೆ, ಭಾವ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ. ನನ್ನ ತಲೆಯಲ್ಲಿ ಮಾತ್ರ ಬೇರೆಯೇ ಲೆಕ್ಕ. ಒಂದು ತೊಲ ಅಂದರೆ 180 ಗ್ರೇನ್. ಅಮೆರಿಕದ ಬಿಲ್ಲುಬೇಟೆಗಾರರು ಎಲ್ಕ್ ಎಂಬ ದೈತ್ಯ ಜಿಂಕೆಗೆ ಹೂಡುವ ಬಾಣದ ಅಲಗು ಸಾಮಾನ್ಯವಾಗಿ 100 ಇಲ್ಲವೇ 125 ಗ್ರೇನ್. ನೂರರದ್ದಾದರೆ ಅರ್ಧ ತೊಲಕ್ಕಿಂತ ಚೂರೇ ಚೂರು ಹೆಚ್ಚು! 300 ಕಿಲೋ ತೂಗುವ ಪ್ರಾಣಿಯನ್ನು ಕೆಡವುವ ಲೋಹ, ಅಕ್ಕನ ಅಂಗೈಯಲ್ಲಿ ಮಿನುಗುತ್ತಿದ್ದ ಜೊತೆ ಓಲೆಯಷ್ಟು!

ಹೇಗೆ ಸಾಧ್ಯ? ಬಾಣ ಗುಂಡಿನ ಹಾಗೆ ಅಪ್ಪಳಿಸುವುದಿಲ್ಲ, ಕೊಯ್ಯುತ್ತದೆ. ಎರಡೂ ಪುಪ್ಪುಸಗಳನ್ನು ಸೀಳಿಕೊಂಡು ಆಚೆ ಹೊರಟರೆ ರಕ್ತ ಹರಿದು ಪ್ರಾಣಿ ಬೇಗನೆ ಕುಸಿಯುತ್ತದೆ. ಅದಕ್ಕೇ ಅಲಗಿನ ಆಯ್ಕೆ ಇಷ್ಟು ಕಗ್ಗಂಟು. ಅಗಲ ಹೆಚ್ಚಿದಷ್ಟೂ ಗಾಯ ದೊಡ್ಡದು, ಆದರೆ ಇಳಿಯುವ ಆಳ ಕಡಿಮೆ. ತಾಗಿದ ಮೇಲೆ ರೆಕ್ಕೆ ಬಿಚ್ಚಿಕೊಳ್ಳುವ ಅಲಗುಗಳಿವೆ. ಹಾರುವಾಗ ಅವು ಗುರಿ ತಪ್ಪುವುದು ಕಡಿಮೆ, ಆದರೆ ಬಿಚ್ಚಿಕೊಳ್ಳುವುದಕ್ಕೇ ಒಂದಿಷ್ಟು ಶಕ್ತಿ ತಿಂದುಬಿಡುತ್ತವೆ. ಎಲ್ಕಿನ ಭುಜದ ಎಲುಬು, ದಪ್ಪ ಪಕ್ಕೆಲುಬು ನೆನೆದರೆ ನಾನಂತೂ ಕದಲದ ಎರಡು ಬಾಯಿಯ ಅಲಗನ್ನೇ ಮುಟ್ಟುತ್ತೇನೆ. ಮುಂಗೈ ಕೂದಲು ಬೋಳಿಸುವಷ್ಟು ಹರಿತ ಇರಬೇಕು, ಅಷ್ಟೆ. (ಇಷ್ಟೆಲ್ಲ ಬರೆಯುವ ನಾನು ಕೋಳಿ ಕೊಯ್ಯುವುದನ್ನೂ ನೋಡಲಾರೆ.)

ಎಲ್ಕ್ ಅಂದರೆ ನಮಗೆ ದೂರದ್ದು ಎಂದುಕೊಳ್ಳಬೇಡಿ. ನೀಲಗಿರಿಯಲ್ಲಿ ಬೇಟೆಯಾಡಿದ ಬ್ರಿಟಿಷರು ನಮ್ಮ ಕಡವೆಯನ್ನೇ ಎಲ್ಕ್ ಎಂದು ಕರೆಯುತ್ತಿದ್ದರು! ಅಮೆರಿಕದ ಎಲ್ಕಿನ ನಿಜವಾದ ದಾಯಾದಿ ಇಲ್ಲೇ, ಲಂಡನ್ನಿನ ರಿಚ್ಮಂಡ್ ಪಾರ್ಕಿನಲ್ಲಿ ಮೇಯುವ ಕೆಂಪು ಜಿಂಕೆ. ಅದರ ಮೇಲೆ ಬಾಣ ಬಿಟ್ಟೀರಿ ಮತ್ತೆ! 1991ರ ಜಿಂಕೆ ಕಾಯ್ದೆಯ ಪ್ರಕಾರ ಅಪರಾಧ. ಒಂದು ಕಾಲಕ್ಕೆ ಇದೇ ದೇಶದ ದೊರೆ ನಾಲ್ಕನೇ ಹೆನ್ರಿ, ಬಾಣದ ಮೊನೆಗೆ ಉಕ್ಕು ಕೊಟ್ಟು ಹದ ಮಾಡಿರಬೇಕು, ಮಾಡಿದವನ ಗುರುತು ಒತ್ತಿರಬೇಕು ಎಂದು ಕಾನೂನೇ ತಂದಿದ್ದ.

ಹೀಗೆ ಓದುತ್ತಾ ಓದುತ್ತಾ ನಾನು ಕೂತಿದ್ದ ಊರಿನ ಹೆಸರೇ ಎದುರಾಯಿತು, ಎದೆ ಧಸಕ್ಕೆಂದಿತು. ಸೌತ್‌ಹಾಲ್! ನಾರ್ವುಡ್ ಲೇನ್! 1880ರ ದಶಕದ ಕೊನೆಯಲ್ಲಿ ಅಲ್ಲಿ ಚರಂಡಿಗೆ ಮಣ್ಣು ತೋಡಿದಾಗ ಕೆಳಗೆ ಸಿಕ್ಕಿದ್ದು ಮ್ಯಾಮತ್ ಆನೆಯ ಎಲುಬು. ಈಲಿಂಗ್‌ನ ಪುರಾತತ್ವಾಸಕ್ತ ಜಾನ್ ಅಲೆನ್ ಬ್ರೌನ್ ಓಡಿ ಬಂದು ನೋಡಿದರೆ, ಎಲುಬುಗಳ ನಡುವೆ ಚಕಮಕಿ ಕಲ್ಲಿನ ಆಯುಧಗಳು! ಅವುಗಳಲ್ಲೊಂದು ಈಟಿಯ ಮೊನೆ, ಎಲುಬಿಗೆ ತಾಗಿಕೊಂಡೇ ಇತ್ತು ಎಂದು ಅವರು ವರದಿ ಮಾಡಿದರು. ಸೀರೆ ಅಂಗಡಿ, ಜಿಲೇಬಿ ಬಾಣಲೆ, ಗುರುಮುಖಿಯಲ್ಲೂ ಹೆಸರು ಬರೆದಿರುವ ರೈಲು ನಿಲ್ದಾಣ ಇರುವ ಈ ಊರಿನ ಅಡಿಯಲ್ಲಿ ಒಂದು ಆನೆ, ಆನೆಯ ಮಗ್ಗುಲಲ್ಲಿ ಒಂದು ಅಲಗು! ಬಾಣದ್ದಲ್ಲ, ಈಟಿಯದು. ಆದರೆ ಪ್ರಶ್ನೆ ಅದೇ: ಇಷ್ಟು ದಪ್ಪ ಚರ್ಮಕ್ಕೆ ಎಂಥ ಮೊನೆ?

ಆ ಮೊನೆ ಮಾಡುವ ವಿಧಾನವಂತೂ ಕಣ್ಣಿಗೆ ಕಟ್ಟಿದ ಹಾಗಿದೆ. ಪ್ಯಾರಿಸ್ಸಿನ ಪಕ್ಕದ ಊರಿನ ಹೆಸರಿನಿಂದ ಅದಕ್ಕೆ ಲೆವಲ್ವಾ ಎನ್ನುತ್ತಾರೆ. ಒಂದು ಗಟ್ಟಿ ಚಕಮಕಿ ಕಲ್ಲನ್ನು ಕೈಗೆತ್ತಿಕೊಂಡು ಸುತ್ತಲಿನ ಅಂಚನ್ನು ಚಕ್ಕೆ ಚಕ್ಕೆಯಾಗಿ ಹಾರಿಸುತ್ತಾ ಹೋಗಬೇಕು. ಬೆನ್ನು ಆಮೆಯ ಚಿಪ್ಪಿನ ಹಾಗೆ ಉಬ್ಬುತ್ತದೆ. ಇಷ್ಟೂ ಹೊತ್ತು ಮೊನೆ ಕಾಣಿಸುವುದೇ ಇಲ್ಲ. ಆಮೇಲೆ ಸರಿಯಾದ ಜಾಗಕ್ಕೆ ಒಂದೇ ಏಟು. ತ್ರಿಕೋನದ ಅಲಗು, ಅಂಚು ಹರಿತವಾಗಿಯೇ, ಕಳಚಿ ಅಂಗೈಗೆ ಬೀಳುತ್ತದೆ! ಹುಟ್ಟುವ ಮುಂಚೆಯೇ ಅದರ ಆಕಾರ ಮಾಡುವವನ ತಲೆಯಲ್ಲಿ ಮುಗಿದಿತ್ತು. ಇಲ್ಲಿಂದ ಪೂರ್ವಕ್ಕೆ, ಆಕ್ಟನ್ನಿನ ಕ್ರೆಫೀಲ್ಡ್ ರೋಡಿನಲ್ಲಿ ಬ್ರೌನ್ ಇಂಥವನ್ನು ನೂರಾರು ಸಂಖ್ಯೆಯಲ್ಲಿ ಕಂಡರು. ವಯಸ್ಸು ಎರಡು ಲಕ್ಷ ವರ್ಷಕ್ಕೂ ಮೇಲೆ, ಮಾಡಿದವರು ಆದಿ ನಿಯಾಂಡರ್ತಾಲರು.

ಕಲ್ಲೆಂದರೆ ಒರಟು ಎಂದು ನಾನೂ ಅಂದುಕೊಂಡಿದ್ದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಒಂಟಿಯಾಗಿ ಹೊರಬಂದ ಯಾಹಿ ಜನಾಂಗದ ಇಶಿ, ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್‌ಗೆ ಬಿಲ್ವಿದ್ಯೆ ಕಲಿಸಿದ. ಬಾಟಲಿ ಗಾಜಿನಿಂದಲೂ ಅಲಗು ಮಾಡುತ್ತಿದ್ದ! ಪೋಪ್ ಉಕ್ಕಿನ ಮೊನೆ, ಜ್ವಾಲಾಮುಖಿಯ ಗಾಜುಗಲ್ಲಿನ ಮೊನೆ ಎರಡನ್ನೂ ಹೊಡೆದು ಪರೀಕ್ಷಿಸಿದರು. ಹೆಚ್ಚು ಆಳಕ್ಕೆ ಇಳಿದದ್ದು ಕಲ್ಲು.

ಅಂದು ರಾತ್ರಿ ಊಟದ ಹೊತ್ತಿಗೆ ಭಾವನಿಗೆ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಸಾರು ಕಲಸುತ್ತಾ, "ಅರ್ಜುನನಿಗೆ ಗೊತ್ತಿರಲಿಲ್ಲವೇನೋ ಇದು?" ಎಂದರು.

ಅಯ್ಯೋ, ಹೌದಲ್ಲ! ಭಗದತ್ತನ ಆನೆ ಸುಪ್ರತೀಕದ ಕುಂಭಸ್ಥಳಕ್ಕೆ ಅರ್ಜುನ ಬಿಟ್ಟದ್ದು ನಾರಾಚ, ಇಡೀ ಬಾಣವೇ ಕಬ್ಬಿಣ, ಇಳಿಯುವುದೊಂದೇ ಕೆಲಸ. ಮರುಕ್ಷಣ ಭಗದತ್ತನ ಎದೆಗೆ ಅರ್ಧಚಂದ್ರ, ಸೀಳುವ ಅಗಲ ಬಾಯಿ. ಕರ್ಣನ ಕೊರಳಿಗೆ ಅಂಜಲಿಕ. ಭಲ್ಲ, ಕ್ಷುರಪ್ರ, ಕರುವಿನ ಹಲ್ಲಿನಂಥ ವತ್ಸದಂತ... ಗಮಕದಲ್ಲಿ ಕೇಳುವಾಗ ಬರೀ ಬಿರುದುಗಳ ಸರಮಾಲೆ ಎಂದುಕೊಂಡು ತೂಕಡಿಸುತ್ತಿದ್ದ ನನಗೆ, ಅದು ಬತ್ತಳಿಕೆಯ ಪಟ್ಟಿ ಎಂದು ಹೊಳೆಯಲು ಸೌತ್‌ಹಾಲಿಗೆ ಬರಬೇಕಾಯಿತು. ಆನೆಗೆ ಕಿರಿದು, ಮನುಷ್ಯನಿಗೆ ಅಗಲ. ಅಗಲದ ಲೆಕ್ಕ ಇನ್ನೂ ಮುಗಿದಿಲ್ಲ: ಅಮೆರಿಕದ ಕೊಲರಾಡೊದಲ್ಲಿ ಇಂದಿಗೂ ಎಲ್ಕ್ ಅಲಗು ಮುಕ್ಕಾಲಿಂಚಿಗೂ ಮಿಗಿಲು, ಅಂದರೆ ಎಂಟರಲ್ಲಿ ಏಳು ಪಾಲು ಇಂಚಾದರೂ ಅಗಲ ಇರಬೇಕೆಂದು ಸರ್ಕಾರವೇ ಅಳತೆ ಹಾಕಿದೆ.

ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಎಚ್‌ಎಂಟಿ ಗಡಿಯಾರ ಟಿಕ್‌ಟಿಕ್ ಎನ್ನುವ ಮುಂಚೆ, 1940ರ ದಶಕದಲ್ಲಿ, ಜಾಲಹಳ್ಳಿಯ ಮಣ್ಣಿನಲ್ಲಿ ಕೆ.ಆರ್.ಯು. ಟಾಡ್ ಎಂಬವರು ಬೆಣಚುಕಲ್ಲಿನ ಪುಟ್ಟ ಆಯುಧಗಳನ್ನು ಹೆಕ್ಕಿದ್ದರು. ಉಗುರಿನಷ್ಟೇ ಇರುವ ಚೂರುಗಳು! ಅಂಥವನ್ನು ಮರದ ಅಂಟಿನಿಂದ ಕೋಲಿಗೆ ಕೂರಿಸಿದರೆ ಆಯಿತು ಬಾಣ. ಅರ್ಧ ತೊಲವೂ ಬೇಡ, ನಾಲ್ಕೈದು ಗುಲಗಂಜಿ ಸಾಕು.

ಮರುದಿನ ಬೆಳಿಗ್ಗೆ ನಾರ್ವುಡ್ ಗ್ರೀನ್ ಕಡೆ ನಡೆದುಹೋದೆ. ಇಟ್ಟಿಗೆ ಮನೆಗಳು, ನಿಲ್ಲಿಸಿದ ಕಾರುಗಳು, ಒದ್ದೆ ರಸ್ತೆ. ಒಂದು ಕಡೆ ಕೆಂಪು ಬಿಳಿ ಬೇಲಿ ಕಟ್ಟಿ ಪೈಪಿಗೆ ಗುಂಡಿ ತೋಡಿದ್ದರು. ಬಗ್ಗಿ ನೋಡಿದೆ. ಹಳದಿ ಜೇಡಿ, ಅದರೊಳಗೆ ಕಪ್ಪಗೆ ಒಂದು ಚೂಪು ಕಲ್ಲು. ಹೆಲ್ಮೆಟ್ ಹಾಕಿದ್ದ ಪಂಜಾಬಿ ಮುದುಕರೊಬ್ಬರು ಅದನ್ನೆತ್ತಿ ನನ್ನ ಕೈಗೇ ಕೊಟ್ಟರು. ತಿರುಗಿಸಿ ಮುರುಗಿಸಿ ನೋಡಿದೆ, ಹೆಬ್ಬೆರಳನ್ನು ಅಂಚಿನ ಮೇಲೆ ಸರಿಸಿದೆ.

ಡಾಂಬರು.