ವರ್ಷಕ್ಕೊಮ್ಮೆ ಟೋಕಿಯೊ ಮುಟ್ಟುವ ಗಾಲಿ

ಚಾವಿ ಕೊಡುವ ಹಳೆಯ ಎಚ್‌ಎಂಟಿ ವಾಚಿನ ಹಿಂದಿನ ಮುಚ್ಚಳ ತೆಗೆದರೆ, ಒಂದು ಸಣ್ಣ ಗಾಲಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುತ್ತಿರುವುದು ಕಾಣುತ್ತದೆ. ರಿಪೇರಿಯವರು ಅದನ್ನು ಬ್ಯಾಲೆನ್ಸ್ ಎನ್ನುತ್ತಾರೆ. ಒಂದು ತಾಸಿಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ, ಅದು ದಿಕ್ಕು ಬದಲಿಸುತ್ತದೆ. ವಾಚು ಆರೋಗ್ಯವಾಗಿದ್ದು ಚಾವಿ ತುಂಬಿದ್ದರೆ ಪ್ರತಿ ಸಲವೂ ಸುಮಾರು ಒಂದೂವರೆ ಸುತ್ತು ಹೊರಳುತ್ತದೆ. ಗಾಲಿಯ ಅಡ್ಡಳತೆ ಒಂಬತ್ತು ಮಿಲಿಮೀಟರ್ ಎಂದು ಹಿಡಿದು ಲೆಕ್ಕ ಹಾಕೋಣ. ಅಂಚಿನ ಮೇಲಿನ ಒಂದು ಚುಕ್ಕೆ ಬಡಿತಕ್ಕೆ ನಾಲ್ಕು ಸೆಂಟಿಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ದಿನಕ್ಕೆ 4,32,000 ಬಡಿತ. ಎಲ್ಲ ಸೇರಿಸಿದರೆ 18 ಕಿಲೋಮೀಟರ್.

ವಿಜಯಪುರದಿಂದ ಹೊರಟಿತು ಎನ್ನಿ. ಒಂದು ಹಗಲು, ಒಂದು ರಾತ್ರಿ ಕಳೆಯುವಷ್ಟರಲ್ಲಿ ತಿಕೋಟಾದ ಸಮೀಪ ಬಂದಿರುತ್ತದೆ. ಬಬಲೇಶ್ವರದ ದಾರಿ ಹಿಡಿದರೆ ಎರಡನೆಯ ದಿನ ಅಲ್ಲಿರುತ್ತದೆ. ತಿಂಗಳು ತುಂಬುವಾಗ ಬೆಂಗಳೂರು ದಾಟಿರುತ್ತದೆ. ವರ್ಷ ಮುಗಿಯುವಾಗ ಅದು ನಡೆದ ದಾರಿ 6,600 ಕಿಲೋಮೀಟರಿಗೂ ಹೆಚ್ಚು. ವಿಜಯಪುರದಿಂದ ಟೋಕಿಯೊಕ್ಕೆ ಭೂಗೋಳದ ಮೇಲೆ ನೇರ ಗೆರೆ ಎಳೆದರೆ ಬರುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಎರಡು ದೂರ ಒಂದಕ್ಕೊಂದು ಹೊಂದಿಕೊಂಡದ್ದು ಆಕಸ್ಮಿಕ. ಆದರೆ ಗಾಲಿಗೂ ಟೋಕಿಯೊಕ್ಕೂ ಇರುವ ನಂಟು ಆಕಸ್ಮಿಕವಲ್ಲ.

1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ತನ್ನ ಮೊದಲ ಗಡಿಯಾರ ಕಾರ್ಖಾನೆ ತೆರೆದದ್ದು ಟೋಕಿಯೊದಲ್ಲಿ ನೆಲೆಯೂರಿದ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ. 1953ರಲ್ಲಿ ಯಂತ್ರ ತಯಾರಿಸುವ ಯಂತ್ರಗಳಿಗೆಂದು ಹುಟ್ಟಿದ ಸರ್ಕಾರಿ ಸಂಸ್ಥೆ ಎಂಟೇ ವರ್ಷದಲ್ಲಿ ಕೂದಲೆಳೆಯ ಸೂಕ್ಷ್ಮದ ಕೆಲಸಕ್ಕೆ ಕೈಹಾಕಿತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಮೊದಮೊದಲ ಮಾದರಿಗಳಲ್ಲಿ ಒಂದರ ಹೆಸರೇ ಸಿಟಿಜನ್. ಆಮೇಲೆ ಜನತಾ, ಪೈಲಟ್, ಸೋನಾ, ಕೊಹಿನೂರ್, ಕಾಂಚನ್ ಬಂದವು. ಕಣ್ಣಿಲ್ಲದವರು ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ವಾಚೂ ಬಂತು. ಎಲ್ಲ ಕಾರ್ಖಾನೆಗಳನ್ನು ಕೂಡಿಸಿದರೆ ಎಚ್‌ಎಂಟಿ ತಯಾರಿಸಿದ ವಾಚುಗಳು ಹತ್ತು ಕೋಟಿಗೂ ಹೆಚ್ಚು. ನಮ್ಮ ಸೀಮೆಯಲ್ಲಿ ಅಳಿಯನಿಗೆ ವಾಚು ಕಟ್ಟುವುದು, ಮಗ ಎಸ್‌ಎಸ್‌ಎಲ್‌ಸಿ ಪಾಸಾದಾಗ ವಾಚು ಕೊಡಿಸುವುದು, ಮಾಸ್ತರರು ನಿವೃತ್ತರಾದಾಗ ಹಾರದ ಜೊತೆ ವಾಚು ಕೊಡುವುದು ಎಂದರೆ ಅದು ಎಚ್‌ಎಂಟಿಯೇ ಆಗಿರುತ್ತಿತ್ತು. ದ್ರಾಕ್ಷಿ ತೋಟದ ಪಂಪಿಗೆ ಕರೆಂಟು ಬರುವ ಹೊತ್ತನ್ನು ಕಾಯುತ್ತಿದ್ದ ಮುಂಗೈಗಳ ಮೇಲೆ ಜಪಾನಿನ ಕಸುಬು ಬಡಿಯುತ್ತಿತ್ತು. ಲಕ್ಷಗಟ್ಟಲೆ ಬೆಲೆಯ ಜಪಾನಿ ವಾಚುಗಳ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಬಂಧುತ್ವ. ಆ ಶ್ರೀಮಂತ ವಾಚೂ ನಮ್ಮ ಜನತಾವೂ ಒಂದೇ ವಿದ್ಯೆಯ ಎರಡು ಮಜಲುಗಳು.

ಆ ವಿದ್ಯೆಯ ಬೇರು ಎಷ್ಟು ಆಳ ಎಂಬುದಕ್ಕೆ 1851ರ ಒಂದು ಗಡಿಯಾರ ಸಾಕ್ಷಿ. ಅದನ್ನು ಮಾಡಿದವನು ತನಾಕಾ ಹಿಸಾಶಿಗೆ. ಮುಂದೆ ಅವನು ಹಾಕಿದ ಕಾರ್ಖಾನೆಯೇ ತೋಶಿಬಾದ ಮೂಲ. ನಮ್ಮ ಪಂಚಾಂಗದ ಗಳಿಗೆ ವರ್ಷವಿಡೀ 24 ನಿಮಿಷವೇ. ಆಗಿನ ಜಪಾನಿನಲ್ಲಿ ಹಾಗಿರಲಿಲ್ಲ. ಹಗಲಿಗೆ ಆರು ಪಾಲು, ರಾತ್ರಿಗೆ ಆರು ಪಾಲು. ಹಗಲು ಉದ್ದವಾದರೆ ಪಾಲೂ ಉದ್ದ. ವಿಜಯಪುರದಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಇರುವ ಅಂತರ ಸುಮಾರು ಎರಡೇ ತಾಸು. ಟೋಕಿಯೊದಲ್ಲಿ ಜೂನಿನ ಹಗಲು ಹದಿನಾಲ್ಕೂವರೆ ತಾಸು, ಡಿಸೆಂಬರಿನದು ಹತ್ತಕ್ಕಿಂತ ಕಡಿಮೆ. ಇಂಥ ಹಿಗ್ಗಿ ಕುಗ್ಗುವ ಹೊತ್ತನ್ನು ತೋರಿಸುವ ಗಡಿಯಾರ ಮಾಡುವುದೇ ಕಷ್ಟ. ತನಾಕಾನ ಗಡಿಯಾರದಲ್ಲಿ ಋತು ಬದಲಾದಂತೆ ಅಂಕಿಯ ಬಿಲ್ಲೆಗಳು ತಾವಾಗಿಯೇ ಸರಿಯುತ್ತಿದ್ದವು. ಆರು ಮುಖದ ಆ ಯಂತ್ರ ಪಾಶ್ಚಾತ್ಯ ಸಮಯ, ವಾರ, ಚಂದ್ರನ ಕಲೆ ಎಲ್ಲವನ್ನೂ ತೋರಿಸುತ್ತಿತ್ತು. ನೆತ್ತಿಯ ಗಾಜಿನ ಗುಮ್ಮಟದೊಳಗೆ ಜಪಾನಿನ ನಕಾಶೆಯ ಮೇಲೆ ಸೂರ್ಯಚಂದ್ರರು ಚಲಿಸುತ್ತಿದ್ದರು. ಒಮ್ಮೆ ಚಾವಿ ಕೊಟ್ಟರೆ ವರ್ಷ ನಡೆಯಬೇಕು ಎಂದು ಅವನು ಅದನ್ನು ರೂಪಿಸಿದ್ದ. ಒಳಗೆ ಸಾವಿರಕ್ಕೂ ಹೆಚ್ಚು ಬಿಡಿಭಾಗ. ಬಹುಪಾಲು ಗರಗಸ, ಅರ ಹಿಡಿದು ಕೈಯಲ್ಲೇ ಮಾಡಿದವು. 2005ರ ಎಕ್ಸ್‌ಪೊ ಮೇಳಕ್ಕಾಗಿ ಇದರ ಪ್ರತಿಕೃತಿ ಮಾಡಲು ನೂರಕ್ಕೂ ಹೆಚ್ಚು ಎಂಜಿನಿಯರುಗಳು ಇಂದಿನ ಯಂತ್ರಗಳನ್ನು ಇಟ್ಟುಕೊಂಡು ಆರು ತಿಂಗಳಿಗೂ ಮೇಲೆ ದುಡಿದರು. ಸ್ಪ್ರಿಂಗಿನ ಹಿತ್ತಾಳೆ ಪಟ್ಟಿಯಂಥ ಕೆಲವು ಭಾಗಗಳು ಆಗಲೂ ಮೂಲದಂತೆ ಆಗಲಿಲ್ಲ.

ಹತ್ತೊರಿ ಕಿಂತಾರೊ 1881ರಲ್ಲಿ ಟೋಕಿಯೊದಲ್ಲಿ ಗಡಿಯಾರದ ಅಂಗಡಿ ಇಟ್ಟ; ಅದೇ ಇಂದಿನ ಸೈಕೊ. 1913ರಲ್ಲಿ ಜಪಾನಿನ ಮೊದಲ ಕೈಗಡಿಯಾರ ‘ಲಾರೆಲ್’ ಹೊರಬಂದದ್ದು ಅವನ ಕಾರ್ಖಾನೆಯಿಂದ. 1923ರ ಟೋಕಿಯೊ ಭೂಕಂಪದ ಬೆಂಕಿಯಲ್ಲಿ ಆ ಕಾರ್ಖಾನೆ ಸುಟ್ಟುಹೋಯಿತು. ಗಿರಾಕಿಗಳು ರಿಪೇರಿಗೆ ಕೊಟ್ಟಿದ್ದ ಸುಮಾರು 1,500 ವಾಚುಗಳೂ ಕರಗಿಹೋದವು. ಹತ್ತೊರಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕಳೆದುಕೊಂಡವರಿಗೆಲ್ಲ ಅಷ್ಟೇ ಬೆಲೆಬಾಳುವ ಹೊಸ ವಾಚು ಪುಕ್ಕಟೆ ಕೊಟ್ಟ. ಕಾರ್ಖಾನೆಯೇ ಬೂದಿಯಾಗಿದ್ದಾಗ ಕೊಟ್ಟ ಮಾತು ಅದು. ಈ ಕಸುಬಿನ ಪರಂಪರೆ ಎಂದರೆ ನನ್ನ ಲೆಕ್ಕದಲ್ಲಿ ಮೊದಲು ಇದು, ಚಿನ್ನ ವಜ್ರ ಆಮೇಲೆ.

ಈಗ ಶಿಖರಕ್ಕೆ ಬರೋಣ. ಸೈಕೊ 1960ರಲ್ಲಿ ‘ಗ್ರ್ಯಾಂಡ್ ಸೈಕೊ’ ಎಂಬ ವಾಚು ತಂದಿತು, ಸ್ವಿಸ್ ವಾಚುಗಳಿಗೆ ಎದೆಕೊಟ್ಟು ನಿಲ್ಲಬೇಕು ಎಂಬ ಹಟದಿಂದ. ಇಂದು ಅದರ ಚಾವಿ ವಾಚುಗಳು ಕಾರ್ಖಾನೆ ಬಿಡುವ ಮುನ್ನ 17 ದಿನ ಪರೀಕ್ಷೆಗೆ ಕೂರುತ್ತವೆ. ಆರು ಭಂಗಿಗಳಲ್ಲಿ ಇಟ್ಟು, 8, 23, 38 ಡಿಗ್ರಿ ಬಿಸಿಯಲ್ಲಿ ಇಟ್ಟು ನೋಡುತ್ತಾರೆ. ಸರಾಸರಿಯಲ್ಲಿ ದಿನಕ್ಕೆ ಮೂರು ಸೆಕೆಂಡಿಗಿಂತ ಹಿಂದೆ ಬೀಳಬಾರದು, ಐದು ಸೆಕೆಂಡಿಗಿಂತ ಮುಂದೆ ಓಡಬಾರದು. ದಿನಕ್ಕಿರುವುದು 86,400 ಸೆಕೆಂಡು. ಐದು ಸೆಕೆಂಡು ಎಂದರೆ ಹದಿನೇಳು ಸಾವಿರದಲ್ಲಿ ಒಂದು ಪಾಲು.

ಆ ಮೇಲಿನ ಅಂಕೆ, 38 ಡಿಗ್ರಿ, ಏಪ್ರಿಲ್‌ ಮೇ ತಿಂಗಳ ವಿಜಯಪುರಕ್ಕೆ ದಿನನಿತ್ಯದ ಬಿಸಿಲು. ಬಿಸಿಲು ವಾಚಿಗೆ ಏನು ಮಾಡುತ್ತದೆ ಎಂದು ನಮ್ಮವರು ತಿಳಿಯಬೇಕು. ಬ್ಯಾಲೆನ್ಸ್ ಗಾಲಿಯನ್ನು ಆಡಿಸುವುದು ಕೂದಲಿಗಿಂತ ತೆಳುವಾದ ಒಂದು ಸುರುಳಿ ಸ್ಪ್ರಿಂಗ್. ಅದು ಬರೀ ಉಕ್ಕಿನದಾಗಿದ್ದರೆ ಬಿಸಿ ಒಂದು ಡಿಗ್ರಿ ಏರಿದಾಗಲೆಲ್ಲ ವಾಚು ದಿನಕ್ಕೆ ಸುಮಾರು ಹತ್ತು ಸೆಕೆಂಡು ಹಿಂದೆ ಬೀಳುತ್ತದೆ. ಜನವರಿಯ ಬೆಳಗಿನ 15 ಡಿಗ್ರಿಗೆ ಸರಿಹೊಂದಿಸಿದ ವಾಚು ಮೇ ತಿಂಗಳ 40 ಡಿಗ್ರಿಯಲ್ಲಿ ದಿನಕ್ಕೆ ನಾಲ್ಕು ನಿಮಿಷ ತಪ್ಪುತ್ತಿತ್ತು. ಈ ತೊಡಕನ್ನು ಬಿಡಿಸಿದ್ದು ಬಿಸಿಗೆ ಬಗ್ಗದ ನಿಕ್ಕಲ್ ಉಕ್ಕಿನ ಮಿಶ್ರಲೋಹ. ಅದರ ಶೋಧಕ್ಕೆ ಚಾರ್ಲ್ಸ್ ಗಿಯೋಮ್ ಅವರಿಗೆ 1920ರ ಭೌತಶಾಸ್ತ್ರದ ನೊಬೆಲ್ ಬಂತು. ಸೈಕೊ ತನ್ನ ಸ್ಪ್ರಿಂಗುಗಳ ಲೋಹವನ್ನು ತಾನೇ ಕರಗಿಸಿ ಬೆರೆಸಿಕೊಳ್ಳುತ್ತದೆ. ನೊಬೆಲ್ ಪಡೆದ ವಿಜ್ಞಾನ ಸುರುಳಿ ಸುತ್ತಿಕೊಂಡು ಮುಂಗೈ ಮೇಲೆ ಕೂತಿದೆ.

ಗ್ರ್ಯಾಂಡ್ ಸೈಕೊದ ಕೆಲವು ವಾಚುಗಳು ತಾಸಿಗೆ 36,000 ಸಲ ಬಡಿಯುತ್ತವೆ, ಅಂದರೆ ಸೆಕೆಂಡಿಗೆ ಹತ್ತು. ಅದು ಎಂಥ ವೇಗ ಎಂದು ತಿಳಿಯಲು ಗೋಲಗುಮ್ಮಟ ಹತ್ತಬೇಕು. ಅಲ್ಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಬದಿ ಗೋಡೆಗೆ ವಾಚು ಹಿಡಿದರೆ ಅದರ ಟಿಕ್‌ಟಿಕ್ ಎದುರು ಬದಿಗೆ ಕೇಳುತ್ತದೆ ಎಂಬುದು ನಮ್ಮೂರಿನವರೆಲ್ಲ ಬಲ್ಲ ಮಾತು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗೋಡೆಯನ್ನು ಅಪ್ಪಿಕೊಂಡು ಅರ್ಧ ಸುತ್ತು ಬರುವ ಸದ್ದಿಗೆ 60 ಮೀಟರ್ ದಾರಿ. ಅದಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ನೂರು ಪಾಲಿನಲ್ಲಿ ಹದಿನೇಳು. ಎಚ್‌ಎಂಟಿ ವಾಚಿನ ಎರಡು ಬಡಿತಗಳ ನಡುವಿನ ಅಂತರ ಇಪ್ಪತ್ತು ಪಾಲು. ಅಂದರೆ ಅದರ ಒಂದು ಟಿಕ್ ಎದುರು ಗೋಡೆಯಲ್ಲಿ ನಿಂತವರ ಕಿವಿ ತಲುಪಿದ ಮೇಲೆಯೇ ಮುಂದಿನ ಟಿಕ್ ಹುಟ್ಟುತ್ತದೆ. ಸೆಕೆಂಡಿಗೆ ಹತ್ತು ಬಡಿಯುವ ವಾಚಿನಲ್ಲಿ ಹಾಗಿಲ್ಲ. ಮೊದಲ ಟಿಕ್ ಇನ್ನೂ ಗೋಡೆಯ ಮೇಲೆ ಓಡುತ್ತಿರುವಾಗಲೇ ಎರಡನೆಯದು ಹೊರಟಿರುತ್ತದೆ. 1656ರಲ್ಲಿ ಗುಮ್ಮಟ ಮುಗಿಸಿದ ಕುಶಲಕರ್ಮಿಗಳು ಸದ್ದಿಗೆ ಕಟ್ಟಿಕೊಟ್ಟ ದಾರಿಯಲ್ಲಿ ಈ ಎರಡು ವಾಚುಗಳನ್ನು ಹೀಗೆ ಅಳೆಯಬಹುದು ಎಂಬುದೇ ನನಗೊಂದು ರೋಮಾಂಚನ.

ಸೈಕೊ ಮನೆತನದ ಇನ್ನೊಂದು ಕೂಸು ಸ್ಪ್ರಿಂಗ್ ಡ್ರೈವ್. ಚಾವಿಯ ಸ್ಪ್ರಿಂಗಿನಿಂದಲೇ ನಡೆಯಬೇಕು, ಆದರೆ ಬ್ಯಾಟರಿ ವಾಚಿನ ಕ್ವಾರ್ಟ್ಜ್ ಹರಳಿನಷ್ಟು ನಿಖರವಾಗಿರಬೇಕು ಎಂದು ಅಕಾಹಾನೆ ಯೋಶಿಕಾಜು ಎಂಬ ಎಂಜಿನಿಯರ್ 1977ರಲ್ಲಿ ಕನಸಿದರು. 600ಕ್ಕೂ ಹೆಚ್ಚು ಮಾದರಿಗಳು ಆದವು. 1999ರಲ್ಲಿ ವಾಚು ಮಾರುಕಟ್ಟೆಗೆ ಬಂದಾಗ ನೋಡಲು ಅಕಾಹಾನೆ ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆ ವಾಚಿನೊಳಗೆ ವೇಗವನ್ನು ಹಿಡಿತದಲ್ಲಿಡುವ ವಿದ್ಯುತ್ತು ಸುಮಾರು 25 ನ್ಯಾನೊವ್ಯಾಟ್. ಅದನ್ನೂ ವಾಚು ತನ್ನ ಸ್ಪ್ರಿಂಗಿನಿಂದಲೇ ಹುಟ್ಟಿಸಿಕೊಳ್ಳುತ್ತದೆ, ಒಳಗೆ ಬ್ಯಾಟರಿ ಇಲ್ಲ. ನಮ್ಮ ಪಡಸಾಲೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಉಣ್ಣುವ ಕರೆಂಟಿನಲ್ಲಿ ಅಂಥ 36 ಕೋಟಿ ವಾಚುಗಳು ನಡೆದಾವು.

ಇಷ್ಟಾದರೂ ಕೊನೆಯ ಹೊಳಪು ಕೈಯದೇ. ವಾಚಿನ ಕವಚವನ್ನು ತಿರುಗುವ ತವರದ ಬಿಲ್ಲೆಗೆ ಒತ್ತಿ ಕನ್ನಡಿಯಂತೆ ಮಾಡುವ ಕೆಲಸಕ್ಕೆ ಜರಾತ್ಸು ಎನ್ನುತ್ತಾರೆ. ಒತ್ತಡ ತುಸು ತಪ್ಪಿದರೂ ಬಿಂಬ ಡೊಂಕಾಗುತ್ತದೆ. ಶಿಯೋಜಿರಿ ಊರಿನಲ್ಲಿರುವ ಸೈಕೊದ ಚಿಕ್ಕ ಕಾರ್ಯಾಗಾರದಲ್ಲಿ ಅತಿ ದುಬಾರಿ ವಾಚುಗಳ ಭಾಗಗಳ ಅಂಚನ್ನು ತೀಡಲು ಜೆನ್ಷಿಯನ್ ಎಂಬ ಹೂಗಿಡದ ಒಣ ಕಡ್ಡಿ ಬಳಸುತ್ತಾರೆ. ಕೈಗೆ ಕಟ್ಟಿಕೊಂಡಾಗ ಕಾಣದ ಅಂಚು ಅದು. ದುಡ್ಡಿದ್ದವರು ಕೊಡುವ ಬೆಲೆ ಇಲ್ಲಿ ಲೋಹಕ್ಕಲ್ಲ, ಈ ತಾಳ್ಮೆಗೆ. ಅದು ಸರಿಯಾದ ಬೆಲೆ ಎಂದೇ ನಾನು ಹೇಳುತ್ತೇನೆ.

ಆದರೆ ಚಾವಿ ವಾಚಿಗೆ ಏಟು ಕೊಟ್ಟದ್ದೂ ಇದೇ ಜಪಾನು. 1969ರ ಡಿಸೆಂಬರ್ 25ರಂದು ಸೈಕೊ ‘ಆಸ್ಟ್ರಾನ್’ ಬಿಡುಗಡೆ ಮಾಡಿತು, ಜಗತ್ತಿನಲ್ಲಿ ಮಾರಾಟಕ್ಕೆ ಬಂದ ಮೊದಲ ಕ್ವಾರ್ಟ್ಜ್ ಕೈಗಡಿಯಾರ. ಬೆಲೆ ನಾಲ್ಕೂವರೆ ಲಕ್ಷ ಯೆನ್, ಆಗಿನ ಒಂದು ಸಣ್ಣ ಕಾರಿನಷ್ಟು. ಒಳಗಿನ ಹರಳು ಸೆಕೆಂಡಿಗೆ 8,192 ಸಲ ಕಂಪಿಸುತ್ತಿತ್ತು. ಇವತ್ತು ಸಂತೆಯಲ್ಲಿ ನೂರು ಇನ್ನೂರು ರೂಪಾಯಿಗೆ ಸಿಗುವ ವಾಚಿನ ಹರಳೂ 32,768 ಸಲ ಕಂಪಿಸುತ್ತದೆ, ದಿನಕ್ಕೆ 283 ಕೋಟಿ ಸಲ. ಸಿಟಿಜನ್ 2019ರಲ್ಲಿ ತಂದ ‘ಕ್ಯಾಲಿಬರ್ 0100’ ಯಂತ್ರದ್ದು ಸೆಕೆಂಡಿಗೆ 83 ಲಕ್ಷಕ್ಕೂ ಮೇಲೆ. ವರ್ಷಕ್ಕೆ ಒಂದೇ ಸೆಕೆಂಡು ತಪ್ಪುವ ವಾಚು ಅದು. ಗೋಲಗುಮ್ಮಟ ಮುಗಿದ ವರ್ಷ ಅಂಥದೊಂದನ್ನು ಅಲ್ಲಿ ಇಟ್ಟಿದ್ದರೆ ಇವತ್ತಿಗೆ ಆರು ನಿಮಿಷದ ಮೇಲೆ ಕೆಲವೇ ಸೆಕೆಂಡು ತಪ್ಪಿರುತ್ತಿತ್ತು.

ಈ ಹರಳಿನ ಮುಂದೆ ಸ್ವಿಟ್ಜರ್ಲೆಂಡಿನ ಗಡಿಯಾರ ಉದ್ಯಮದ ನೌಕರರ ಸಂಖ್ಯೆ 1970ರ ಸುಮಾರು 90,000ದಿಂದ ಎಂಬತ್ತರ ದಶಕದಲ್ಲಿ 30,000ದ ಆಸುಪಾಸಿಗೆ ಕುಸಿಯಿತು. ನಮ್ಮಲ್ಲಿ ಟಾಟಾ ಸಂಸ್ಥೆ ತಮಿಳುನಾಡು ಸರ್ಕಾರದೊಂದಿಗೆ ಸೇರಿ ಗಡಿಯಾಚೆಯ ಹೊಸೂರಿನಲ್ಲಿ ಟೈಟನ್ ಕಟ್ಟಿ ಕ್ವಾರ್ಟ್ಜ್ ಹಿಡಿಯಿತು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತು, ಆದರೆ ಮನಸ್ಸು ಚಾವಿಯಲ್ಲೇ ಉಳಿಯಿತು. 1978ರಲ್ಲಿ ಶುರುವಾದ ತುಮಕೂರಿನ ಕಾರ್ಖಾನೆ ಸಮೇತ ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಜಪಾನು ಕ್ವಾರ್ಟ್ಜ್ ಅನ್ನೂ ಗೆದ್ದು ಚಾವಿ ವಾಚಿನ ಕಸುಬನ್ನೂ ಉಳಿಸಿಕೊಂಡಿತು. ನಾವು ಅದೇ ಗುರುವಿನಿಂದ ಕಲಿತ ಕಸುಬನ್ನು ಕೈಬಿಟ್ಟೆವು. ಇದು ನಷ್ಟವೇ. ಬೆಂಗಳೂರು ತುಮಕೂರುಗಳ ಕಾರ್ಮಿಕರ ಬೆರಳುಗಳಲ್ಲಿದ್ದ ವಿದ್ಯೆಯನ್ನು ಮತ್ತೆ ಕಲಿಸುವವರು ಸಿಗುವುದು ಕಷ್ಟ.

ಉಳಿದಿರುವುದು ವಾಚುಗಳು. ಐವತ್ತು ವರ್ಷ ನಡೆದ ಒಂದು ಜನತಾ ಬಡಿದ ಬಡಿತಗಳು 788 ಕೋಟಿ. ಇಂದು ಭೂಮಿಯ ಮೇಲಿರುವ ಜನರ ಸಂಖ್ಯೆಗೆ ಹತ್ತಿರದ ಅಂಕೆ. ಇಷ್ಟಕ್ಕೂ ಅದು ಕೇಳುವುದು ಬೆಳಿಗ್ಗೆ ಇಪ್ಪತ್ತು ಮೂವತ್ತು ಸುತ್ತು ಚಾವಿ, ನಾಲ್ಕೈದು ವರ್ಷಕ್ಕೊಮ್ಮೆ ತೊಳೆದು ಹಾಕುವ ಎರಡು ಹನಿ ಎಣ್ಣೆ.

ತಿಕೋಟಾದಲ್ಲಿರಲಿ, ಬಬಲೇಶ್ವರದಲ್ಲಿರಲಿ, ವಿಜಯಪುರದ ಹಳೆಯ ಓಣಿಯಲ್ಲಿರಲಿ, ನಿಮ್ಮ ಮನೆಯ ಟ್ರಂಕಿನಲ್ಲಿ ಅಪ್ಪನದೋ ಅಜ್ಜನದೋ ಎಚ್‌ಎಂಟಿ ಇದ್ದರೆ ಹೊರತೆಗೆಯಿರಿ. ಎಣ್ಣೆ ಒಣಗಿರುತ್ತದೆ, ಹಾಗಾಗಿ ಬಲವಂತವಾಗಿ ಚಾವಿ ತಿರುಗಿಸಬೇಡಿ. ಚಾವಿ ವಾಚು ಬಲ್ಲ ಹಿರಿಯ ರಿಪೇರಿಯವರ ಕೈಗೆ ಕೊಡಿ, ಸರ್ವೀಸ್ ಮಾಡಿಸಿ. ಡಯಲ್ ಮಾಸಿದೆ ಎಂದು ಹೊಸ ಬಣ್ಣ ಬಳಿಸಬೇಡಿ. ಮೂಲ ಡಯಲ್ ಹೋದರೆ ಮತ್ತೆ ಬಾರದು. ಮತ್ತು ಆ ರಿಪೇರಿಯವರ ಪಕ್ಕದಲ್ಲಿ ನಿಮ್ಮ ಮಗನನ್ನೋ ಮಗಳನ್ನೋ ಅರ್ಧ ತಾಸು ಕೂರಿಸಿ, ಆ ಗಾಲಿ ತೋರಿಸಿ.