ಮೊದಲ ಗುಡುಗಿಗೇ ಆಟ ಬಂದ್

ದೀಪಾವಳಿ ಮುಗಿದರೆ ಶಿಕಾರಿಪುರ, ಸೊರಬದ ಊರುಗಳಲ್ಲಿ ಹೋರಿ ಹಬ್ಬ. ಬೇಸಿಗೆಗೆ ಕೊಯ್ಲಾದ ಗದ್ದೆಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್. ಎರಡಕ್ಕೂ ಮೈಕ್ ಹಿಡಿಯುವವನು ನಾನು. ಹಿಂಗಾರಿನಲ್ಲೂ ಏಪ್ರಿಲ್–ಮೇ ತಿಂಗಳಲ್ಲೂ ನಮ್ಮಲ್ಲಿ ಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಫೈನಲ್ ನಡೆಯುವುದೂ ಆಗಲೇ.

"ಮಳೆ ಎಲ್ಲಿ ಬಂತು? ನಡೆಸ್ರಿ" ಅನ್ನುತ್ತದೆ ಕಮಿಟಿ. ಆದರೆ ಮಳೆ ಸುರಿಯುವ ಜಾಗದಿಂದ ಹತ್ತು ಕಿ.ಮೀ. ಆಚೆಗೂ ಸಿಡಿಲು ಬೀಳಬಹುದು. ಶಬ್ದ ಒಂದು ಕಿ.ಮೀ. ಸಾಗಲು ಸುಮಾರು 3 ಸೆಕೆಂಡು. ಮಿಂಚಿದ 30 ಸೆಕೆಂಡಿನೊಳಗೆ ಗುಡುಗಿದರೆ ಅಪಾಯ ಹತ್ತು ಕಿ.ಮೀ. ಒಳಗೇ ಇದೆ. ಗಲಾಟೆಯಲ್ಲಿ ಎಣಿಸುತ್ತ ಕೂರುವವರು ಯಾರು? ಗುಡುಗು ಕೇಳಿತೋ, ಆಟ ನಿಲ್ಲಿಸುತ್ತೇನೆ. ಕೊನೆಯ ಗುಡುಗಿನ ನಂತರ 30 ನಿಮಿಷ ಯಾರೂ ಬಯಲಿಗಿಳಿಯುವಂತಿಲ್ಲ. ನಡುವೆ ಮತ್ತೆ ಗುಡುಗಿದರೆ ಲೆಕ್ಕ ಮೊದಲಿನಿಂದ.

2024ರ ನವೆಂಬರ್ 3ರಂದು ಪೆರು ದೇಶದ ಚಿಲ್ಕಾದಲ್ಲಿ ರೆಫರಿ ಫುಟ್‌ಬಾಲ್ ಪಂದ್ಯ ನಿಲ್ಲಿಸಿದ್ದರು. ಆಟಗಾರರು ಮೈದಾನದಿಂದ ಹೊರಗೆ ನಡೆಯುತ್ತಿದ್ದಾಗಲೇ ಸಿಡಿಲು ಬಡಿದು ಒಬ್ಬ ಸತ್ತ. ನಿಲ್ಲಿಸಿದರೆ ಸಾಲದು, ಜನ ಒಳಗೆ ಸೇರುವಷ್ಟು ಮುಂಚೆ ನಿಲ್ಲಿಸಬೇಕು.

ಒಳಗೆ ಎಂದರೆ ಶಾಮಿಯಾನದ ಕೆಳಗಲ್ಲ. ಕಬ್ಬಿಣದ ಕಂಬದ ಪಕ್ಕ ನಿಂತು ಏನು ಬಂತು? ಮರದ ಬುಡವಂತೂ ಬೇಡವೇ ಬೇಡ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ನಿಂತು ನೋಡುವವರನ್ನು ಮೊದಲು ಇಳಿಸಿ. ಶಾಲೆಯ ಪಕ್ಕಾ ಕಟ್ಟಡ, ಇಲ್ಲವೇ ಗಾಜು ಏರಿಸಿದ ಬಸ್ಸು, ಕಾರು ಸರಿ. ಅಲ್ಲಿ ಕಾಯುವುದು ಟೈರಲ್ಲ, ಸುತ್ತಲಿನ ಲೋಹದ ಮೈ. ಗುಡುಗಿದಾಗ ರಕ್ಷೆಗೆಂದು ಅರ್ಜುನನ ಹೆಸರು ಹೇಳುವವರು ಹೇಳಲಿ, ಶಾಲೆಯ ಕಡೆ ಓಡುತ್ತ ಹೇಳಲಿ.

ಹೋರಿಯ ಚಿಂತೆ ಬೇರೆ. ಸಿಡಿಲು ಬಿದ್ದ ಜಾಗದಿಂದ ವಿದ್ಯುತ್ ನೆಲದಲ್ಲೂ ಹರಡುತ್ತದೆ. ಮುಂಗಾಲು, ಹಿಂಗಾಲು ದೂರ ಇರುವ ದನಕ್ಕೆ ಅದು ಒಂದು ಕಾಲಿನಿಂದ ಹತ್ತಿ ಎದೆ ಹಾದು ಇನ್ನೊಂದರಿಂದ ಇಳಿಯುತ್ತದೆ. ಮನುಷ್ಯ ಬದುಕುವ ಕಡೆ ಹೋರಿ ಸಾಯಬಹುದು. ಲಕ್ಷಗಟ್ಟಲೆ ಕೊಟ್ಟು ತಂದು, ಕೊಬ್ಬರಿ ಕಟ್ಟಿ ಸಿಂಗರಿಸಿ, ಸರದಿ ಬರುವವರೆಗೆ ಮರಕ್ಕೆ ಕಟ್ಟುತ್ತಾರೆ! ಮರ, ತಂತಿಬೇಲಿ ಎರಡರಿಂದಲೂ ದೂರ ಇಡಿ.

ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಧೈರ್ಯವಾಗಿ ಮುಟ್ಟಿ. ಉಸಿರು ನಿಂತಿದ್ದರೆ 108ಕ್ಕೆ ಫೋನ್ ಮಾಡಿಸಿ, ಆಂಬುಲೆನ್ಸ್ ಬರುವವರೆಗೆ ಎದೆ ಒತ್ತುತ್ತಲೇ ಇರಿ.

ಕಮಿಟಿಯವರಲ್ಲಿ ಒಬ್ಬರ ಫೋನಿನಲ್ಲಾದರೂ ರಾಜ್ಯದ 'ಸಿಡಿಲು' ಅಥವಾ ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಇರಲಿ. ಈ ಸಲದ ಕರಪತ್ರದಲ್ಲಿ ಬಹುಮಾನದ ಪಟ್ಟಿಯ ಕೆಳಗೇ ಒಂದು ಸಾಲು ಹಾಕಿಸಿ: ಗುಡುಗಿದರೆ ಜನ ಸೇರಬೇಕಾದ ಕಟ್ಟಡ ಯಾವುದು, ಅದರ ಬೀಗದ ಕೈ ಯಾರ ಹತ್ತಿರ ಇದೆ.